ದಪ್ಪ ಟೈರಿನ ಸೈಕಲ್ಲು, ತಗಡಿನ ನಂಬರು

ಭದ್ರಾವತಿಯಿಂದ ಶಿವಮೊಗ್ಗದವರೆಗೆ ಇಪ್ಪತ್ತೈದರ ವೇಗದಲ್ಲಿ ಸ್ಕೂಟಿ ಓಡಿಸುವುದು ಎಂಥ ಕೆಲಸ ಎಂಬುದು ಓಡಿಸಿದವರಿಗಷ್ಟೇ ಗೊತ್ತು. ಸೊಂಟ ಹಿಡಿಯುತ್ತದೆ. ಹಿಂದಿನಿಂದ ಬಂದ ಬಸ್ಸಿನವರು ಹಾರ್ನ್ ಹೊಡೆದು, ಪಕ್ಕಕ್ಕೆ ಬಂದಾಗ ಒಂದು ನೋಟ ಬೀರಿ ಹೋಗುತ್ತಾರೆ. ಹಾಲಿನ ಕ್ಯಾನು ಕಟ್ಟಿಕೊಂಡ ಹಳೆಯ ಮೊಪೆಡ್ಡುಗಳು ಕೂಡ ನಮ್ಮನ್ನು ದಾಟಿ, ತಿರುಗಿ ನೋಡಿ, ನಕ್ಕು ಮುಂದೆ ಸಾಗುತ್ತವೆ. ಆದರೂ ಆ ಭಾನುವಾರ ನಾನು ಹಾಗೇ ಓಡಿಸಿದೆ. ನನ್ನ ಮುಂದೆ ನಮ್ಮಣ್ಣ ತನ್ನ ಹೊಸ ಮೋಟಾರು ಸೈಕಲ್ಲಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಮೆರವಣಿಗೆ ಹೊರಟವನ ಹಾಗೆ ಹೋಗುತ್ತಿದ್ದ. ಮೋಟಾರು ಸೈಕಲ್ಲು ಎಂದರೆ ಬೈಕಲ್ಲ. ತುಳಿಯುವ ಸೈಕಲ್ಲೇ, ಬ್ಯಾಟರಿ ಇದೆ, ಹಿಂದಿನ ಚಕ್ರದ ನಡುವೆ ಚಿಕ್ಕ ಮೋಟಾರಿದೆ, ಟೈರು ಮಾತ್ರ ಎಳೆಗುಂಬಳಕಾಯಿಯಷ್ಟು ದಪ್ಪ.

ಅಣ್ಣ ನನಗಿಂತ ಹತ್ತು ವರ್ಷಕ್ಕೆ ದೊಡ್ಡವನು. ಭದ್ರಾವತಿಯ ಕಾರ್ಖಾನೆಯೊಂದರ ಮಷೀನ್ ಶಾಪಿನಲ್ಲಿ ದುಡಿದು ನಿವೃತ್ತನಾದವನು. ಮನೆಯಿಂದ ಕಾರ್ಖಾನೆಗೆ ಸೈಕಲ್ಲು, ಸಂತೆಗೆ ಸೈಕಲ್ಲು, ನಾನು ಕಾಲೇಜಿಗೆ ಹೋಗುವಾಗ ಸ್ಟೇಷನ್ನಿಗೆ ಬಿಡಲು ಅದೇ ಸೈಕಲ್ಲಿನ ಕ್ಯಾರಿಯರು. ಅವನ ಜೊತೆಯವರೆಲ್ಲ ಒಬ್ಬೊಬ್ಬರಾಗಿ ಬೈಕು ತೆಗೆದುಕೊಂಡರೂ ಇವನು ಆ ಕಡೆ ಹೋಗಲಿಲ್ಲ. "ಬೈಕಿಗೆ ಪೆಟ್ರೋಲ್ ಹಾಕ್ಬೇಕು, ಸೈಕಲ್ಲಿಗೆ ಅನ್ನ ಹಾಕಿದ್ರೆ ಸಾಕು" ಎನ್ನುತ್ತಿದ್ದ. ಅನ್ನ ಯಾರಿಗೆ ಎಂದರೆ ತನ್ನ ಹೊಟ್ಟೆ ಮುಟ್ಟಿ ತೋರಿಸುತ್ತಿದ್ದ.

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಎದೆನೋವು ಬಂತು, ಸ್ಟೆಂಟ್ ಹಾಕಿದರು. ಗುಣವಾಯಿತು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟು: ನಡೆಯಬಹುದು, ಸಮತಟ್ಟಿನ ದಾರಿಯಲ್ಲಿ ಸೈಕಲ್ಲನ್ನೂ ನಿಧಾನವಾಗಿ ತುಳಿಯಬಹುದು, ಏರಿನಲ್ಲಿ ಮಾತ್ರ ತ್ರಾಸು ಮಾಡಿಕೊಳ್ಳಬಾರದು. ಅತ್ತಿಗೆಯ ಕಿವಿಗೆ ಬಿದ್ದದ್ದು ಕೊನೆಯ ಅರ್ಧ ಮಾತ್ರ. ಮನೆಗೆ ಬಂದ ಸಂಜೆಯೇ ಹಳೆಯ ಸೈಕಲ್ಲಿಗೆ ಸರಪಳಿ ಸುತ್ತಿ ಬೀಗ ಹಾಕಿದರು. ಬೀಗದ ಕೈ ಎಲ್ಲಿಟ್ಟರೆಂದು ಅಣ್ಣ ಮನೆಯೆಲ್ಲ ಹುಡುಕಿದ. ಅದು ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆಯ ಕೆಳಗಿತ್ತು. ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಒಗ್ಗರಣೆ ಹಾಕುವವರ ಗುಟ್ಟು ಒಗ್ಗರಣೆ ಹಾಕುವವರಲ್ಲೇ ಇರಬೇಕು.

ಆಮೇಲೆ ಅಣ್ಣ ಜಗಲಿ ಹಿಡಿದ. ಕ್ಷೌರಕ್ಕೆ ಹೋಗಬೇಕೆಂದರೆ ಆಟೋ. ನಾಲ್ಕು ಬೀದಿ ಆಚೆ ಇರುವ ಗೆಳೆಯನ ಮನೆಗೆ ಹೋಗಬೇಕೆಂದರೆ ಯಾರಾದರೂ ಬೈಕಿನವರನ್ನು ಕೇಳಬೇಕು. ನಾನು ಫೋನು ಮಾಡಿದರೆ ಹೇಳುತ್ತಿದ್ದ, "ನಾನೀಗ ಪಾರ್ಸಲ್ ಆಗಿಬಿಟ್ಟಿದ್ದೀನಿ ಮಾರಾಯ್ತಿ. ಯಾರಾದ್ರೂ ಎತ್ಕೊಂಡ್ ಹೋಗಿ ಇಳಿಸ್ಬೇಕು, ಮತ್ತೆ ಎತ್ಕೊಂಡ್ ಬಂದು ಇಳಿಸ್ಬೇಕು." ನಗುತ್ತಲೇ ಹೇಳುತ್ತಿದ್ದ. ಆದರೆ ಮೊದಲೆಲ್ಲ ತಿಂಗಳಿಗೆರಡು ಸಲ ರೈಲಿನಲ್ಲೋ ಬಸ್ಸಿನಲ್ಲೋ ದುರ್ಗಿಗುಡಿಯ ನಮ್ಮ ಮನೆಗೆ ಬರುತ್ತಿದ್ದವನು ಅದನ್ನೂ ನಿಲ್ಲಿಸಿದ. ಸ್ಟ್ಯಾಂಡಿಗೆ ಹೋಗಲು ಒಬ್ಬರ ಹಂಗು, ಅಲ್ಲಿಂದ ಮನೆಗೆ ಇನ್ನೊಬ್ಬರ ಹಂಗು, ಅದೆಲ್ಲ ಯಾಕೆ ಎಂದ. ಸ್ಕೂಟರು ಕಲಿ ಎಂದರೆ ಅದೂ ಆಗದು. ನಲವತ್ತು ದಾಟಿದವರಿಗೆ ಲೈಸೆನ್ಸ್ ಬೇಕೆಂದರೆ ಡಾಕ್ಟರ ಸರ್ಟಿಫಿಕೇಟು ಬೇಕು, ಇವನ ಡಾಕ್ಟರು ಸದ್ಯಕ್ಕೆ ಸಹಿ ಹಾಕುವುದಿಲ್ಲ ಎಂದುಬಿಟ್ಟರು.

ನಾನು ಬೆಳಿಗ್ಗೆ ವಾಕಿಂಗಿಗೆಂದು ಕೆಲವು ದಿನ ನವುಲೆ ಕಡೆ ಹೋಗುತ್ತೇನೆ. ಅಲ್ಲಿ ಕೃಷಿ ಕಾಲೇಜಿನ ಹತ್ತಿರ ಒಬ್ಬರು ದಪ್ಪ ಟೈರಿನ ಸೈಕಲ್ಲಿನಲ್ಲಿ ಏರು ಹತ್ತುವುದು ಕಂಡೆ. ನನ್ನಷ್ಟೇ ವಯಸ್ಸಿನವರು, ಹೊಟ್ಟೆಯೂ ಇದೆ, ಆದರೂ ಏದುಸಿರು ಬಿಡದೆ ಹತ್ತುತ್ತಿದ್ದಾರೆ. ನಿಲ್ಲಿಸಿ ಕೇಳಿದೆ. ಬ್ಯಾಟರಿದು ಅಮ್ಮ, ತುಳಿದ್ರೆ ಅದೂ ಜೊತೆಗೆ ತಳ್ಳುತ್ತೆ ಎಂದರು. ಆ ಮಾತು ನನ್ನ ತಲೆಯಲ್ಲಿ ಕೂತಿತು. ಮುಂದಿನ ವಾರ ಅಣ್ಣನನ್ನು ಪಾರ್ಸಲ್ ಮಾಡಿಸಿಕೊಂಡು ಶಿವಮೊಗ್ಗದ ಒಂದು ಸೈಕಲ್ಲಂಗಡಿಗೆ ಕರೆದೊಯ್ದೆ.

ಅಂಗಡಿಯವನು ಹುರುಪಿನವನು. ಮುಂದಿದ್ದ ಕಪ್ಪು ಸೈಕಲ್ಲಿನ ಸೀಟು ತಟ್ಟಿ, "ಇದು ತಗೊಳಿ ಸಾರ್, ಐನೂರು ವ್ಯಾಟು. ನಲವತ್ತರ ಮೇಲೆ ಹೋಗುತ್ತೆ. ಯಾರೂ ಏನೂ ಕೇಳಲ್ಲ" ಎಂದ.

"ಕೇಳಿದ್ರೆ?" ಎಂದ ಅಣ್ಣ.

"ಕೇಳಲ್ಲ ಸಾರ್."

"ಕೇಳಿದ್ರೆ ಏನು ಅಂತ ನಾನು ಕೇಳ್ತಿದ್ದೀನಲ್ಲ, ಮೊದ್ಲು ನಂಗೆ ಹೇಳಪ್ಪ."

ಗೇಟ್ ಪಾಸಿಲ್ಲದೆ ಒಂದು ಬೋಲ್ಟೂ ಹೊರಗೆ ಹೋಗದ ಜಾಗದಲ್ಲಿ ಕೆಲಸ ಮಾಡಿದವನು. ಅವನಿಗೆ ಮೊದಲು ನಿಯಮ ಬೇಕು, ಆಮೇಲೆ ವಸ್ತು. ಅಂಗಡಿಯವನು ತಲೆ ಕೆರೆದುಕೊಂಡು ಬಿಡಿಸಿ ಹೇಳಿದ. ಮೋಟಾರು ಇನ್ನೂರೈವತ್ತು ವ್ಯಾಟಿನೊಳಗಿರಬೇಕು, ಅದು ಇಪ್ಪತ್ತೈದರ ಮೇಲೆ ಗಾಡಿಯನ್ನು ಎಳೆಯಬಾರದು, ತೂಕಕ್ಕೂ ಒಂದು ಮಿತಿ ಇದೆ. ಅಷ್ಟರೊಳಗಿದ್ದರೆ ಸರ್ಕಾರದ ಕಣ್ಣಿಗೆ ಅದು ಸೈಕಲ್ಲು. ನಂಬರು ಬೇಡ, ಲೈಸೆನ್ಸು ಬೇಡ, ಇನ್ಶೂರೆನ್ಸೂ ಬೇಡ. ಮೀರಿದರೆ ಅದು ಮೋಟಾರು ವಾಹನ, ಎಲ್ಲವೂ ಬೇಕು.

"ಆ ಮಿತಿಯೊಳಗಿನದು ಕೊಡು."

"ಅದ್ರಲ್ಲೂ ಒಂದು ಸೆಟ್ಟಿಂಗ್ ಇದೆ ಸಾರ್. ಲಾಕ್ ತೆಗೆದ್ರೆ ಮೂವತ್ತೈದಕ್ಕೆ ಆರಾಮಾಗಿ ಓಡುತ್ತೆ. ತೆಗ್ದು ಕೊಡ್ಲಾ?"

ಅಣ್ಣ ಅವನನ್ನು ನೋಡಿದ ನೋಟಕ್ಕೆ ನಾನೇ ಪಕ್ಕದ ಮಕ್ಕಳ ಸೈಕಲ್ಲಿನ ಬೆಲ್ಲು ನೋಡುವವಳ ಹಾಗೆ ಅತ್ತ ತಿರುಗಿದೆ. "ತೆಗೀಬೇಡ. ತೆಗೆಯಲ್ಲ ಅಂತ ನನ್ ತಂಗಿ ಎದುರಿಗೆ ಹೇಳು" ಎಂದ. ಅಂಗಡಿಯವನು ನನ್ನ ಕಡೆ ತಿರುಗಿ, "ತೆಗೆಯಲ್ಲ ಅಕ್ಕ" ಎಂದ. ಆದರೆ ಬ್ರೇಕು ಬಿಗಿ ಮಾಡಿ ಕೊಡುತ್ತೇನೆಂದು ಸೈಕಲ್ಲನ್ನು ಒಳಗೆ ಒಯ್ದವನು ಅಲ್ಲಿ ಸ್ವಲ್ಪ ಹೊತ್ತು ಇದ್ದ. ಏನು ಮಾಡಿದನೋ ನಾನು ಕಾಣಲಿಲ್ಲ. ಅದೊಂದು ಮುಳ್ಳು ನನ್ನ ಮನಸ್ಸಿನಲ್ಲಿ ಉಳಿಯಿತು.

ಸೈಕಲ್ಲು ಟೆಂಪೋದಲ್ಲಿ ಭದ್ರಾವತಿಗೆ ಹೋಯಿತು. ಅತ್ತಿಗೆ ಬಾಗಿಲಲ್ಲಿ ನಿಂತು, "ಇದೇನ್ರೀ ಇದು, ಟೈರಿಗೆ ಬಾವು ಬಂದಿದೆಯಾ?" ಎಂದರಂತೆ. ಪಕ್ಕದ ಮನೆಯ ತಮಿಳಿನ ಯಜಮಾನರು, ಅವರೂ ಅದೇ ಕಾರ್ಖಾನೆಯವರು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದು ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, "ಅಯ್ಯೋ ಸಾಮಿ, ಸೈಕಲ್ ಅಲ್ಲಪ್ಪಾ ಇದು, ಆನೆಕಾಲು" ಎಂದರು. ಬೀದಿಯಲ್ಲಿ ಅದೇ ಹೆಸರು ನಿಂತಿತು. ಅತ್ತಿಗೆ ಎರಡು ವಾರ ಅಣ್ಣನ ಸೈಕಲ್ಲಿನ ಪಕ್ಕ ನಡೆದುಕೊಂಡೇ ಹೋಗಿ, ಏರಿನ ತುದಿಯಲ್ಲಿ ನಿಲ್ಲಿಸಿ ಅವನ ಉಸಿರು ಕೇಳಿ ನೋಡಿದರು. ಉಸಿರು ಸರಿಯಿತ್ತು. ಮೂರನೆಯ ವಾರ ಒಪ್ಪಿಗೆ ಕೊಟ್ಟರು. ಶಿವಮೊಗ್ಗಕ್ಕೆ ಹೋಗಬಹುದು, ಆದರೆ ಮೊದಲ ಸಲ ನಾನು ಹಿಂದೆ ಇರಬೇಕು.

ಹಾಗಾಗಿ ನಾನು ಶನಿವಾರ ಸಂಜೆಯೇ ಸ್ಕೂಟಿಯಲ್ಲಿ ಭದ್ರಾವತಿಗೆ ಹೋಗಿ ಉಳಿದೆ. ಬೆಳಿಗ್ಗೆ ಎದ್ದು ಬಂದರೆ ಅಣ್ಣ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಸೈಕಲ್ಲಿನ ಹಿಂದೆ ಕುಕ್ಕುರುಗಾಲಲ್ಲಿ ಕೂತಿದ್ದಾನೆ. ಸೈಕಲ್ಲಿನ ಹ್ಯಾಂಡಲ್ಲಿಗೂ ವಿಭೂತಿ ಹಚ್ಚಿದೆ. ಕೈಯಲ್ಲಿ ಸ್ಪ್ಯಾನರು. ಹಿಂದಿನ ಮಡ್‌ಗಾರ್ಡಿಗೆ ಒಂದು ತಗಡು ಕೂರಿಸುತ್ತಿದ್ದಾನೆ. ಕಪ್ಪು ತಗಡು, ಬಿಳಿ ಬಣ್ಣದಲ್ಲಿ ೧೧೪೭.

ಆ ತಗಡು ನನಗೆ ಗೊತ್ತು. ಅವನ ಹಳೆಯ ಸೈಕಲ್ಲಿನದು. ಅವನ ಕಾರ್ಖಾನೆಯಲ್ಲಿ ಅದೊಂದು ಪದ್ಧತಿಯಿತ್ತು. ಶಿಫ್ಟಿನ ಹೊತ್ತಿಗೆ ಸ್ಟ್ಯಾಂಡಿನಲ್ಲಿ ಸಾಲುಸಾಲು ಸೈಕಲ್ಲು, ಎಲ್ಲವೂ ಕಪ್ಪು, ಎಲ್ಲವೂ ಒಂದೇ ಥರ. ಯಾರದು ಯಾರದೆಂದು ತಿಳಿಯಬೇಕಲ್ಲ? ಅದಕ್ಕೇ ಪ್ರತಿಯೊಬ್ಬನೂ ತನ್ನ ಟೋಕನ್ ನಂಬರನ್ನು ತಗಡಿನ ಮೇಲೆ ಬರೆಸಿ ಹಿಂದೆ ಕಟ್ಟಿಕೊಳ್ಳಬೇಕು. ಹೊರಗೆ ಹೋಗುವಾಗ ಸ್ಟ್ಯಾಂಡಿನವನು ಜೇಬಿನ ಹಿತ್ತಾಳೆ ಟೋಕನ್ನನ್ನೂ ಹಿಂದಿನ ತಗಡನ್ನೂ ನೋಡುತ್ತಾನೆ. ಹೊಂದಿದರೆ ಹೋಗಬಹುದು. ತಗಡಿಲ್ಲದ ಸೈಕಲ್ಲೆಂದರೆ ಕದ್ದ ಸೈಕಲ್ಲು. ನಮ್ಮ ಬೀದಿಯ ಗಂಡಸರು ಸಾಯಂಕಾಲ ದೇವಸ್ಥಾನಕ್ಕೆ ಹೋದಾಗಲೂ ಆ ತಗಡು ಹಿಂದೆಯೇ ಇರುತ್ತಿತ್ತು.

"ಅಣ್ಣ, ನಂಬರ್ ಬೇಡ ಅಂತಲೇ ಅಲ್ವಾ ಇದನ್ನ ತಗೊಂಡಿದ್ದು?" ಎಂದೆ.

"ಬೇಡ ಅನ್ನೋದು ಸರ್ಕಾರದ ನಂಬರ್ ಕಣೆ. ಇದು ನಂದು." ನಟ್ಟು ಬಿಗಿಮಾಡಿ, ದೂರ ಹೋಗಿ ನಿಂತು ನೋಡಿದ. "ಬರೀ ಬೆನ್ನಲ್ಲಿ ಹೊರಗೆ ಹೋದಂಗೆ ಆಗ್ತಿತ್ತು. ಈಗ ಸರಿಯಾಯ್ತು."

ನನಗೂ ಸರಿಯೆಂದೇ ತೋರಿತು. ಅತ್ತಿಗೆಗೂ ತೋರಿತು. ಅವರು ಆ ತಗಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಅಕ್ಕಿರೊಟ್ಟಿ ಎಣ್ಣೆಗಾಯಿಯ ಡಬ್ಬಿಯನ್ನು ನನ್ನ ಸ್ಕೂಟಿಯ ಡಿಕ್ಕಿಯಲ್ಲಿಟ್ಟು, ಒಂದು ಕಟ್ಟು ಕರಿಬೇವು ತುರುಕಿ ಕಳಿಸಿದರು. ಕಾರ್ಖಾನೆಯ ಮನೆಗಳಲ್ಲಿ ಬೆಳೆದವರು ನಾವು. ಮೂವರಲ್ಲಿ ಒಬ್ಬರಿಗೂ ಬೇರೆ ಥರ ಹೊಳೆಯಲಿಲ್ಲ.

ದಾರಿ ಚೆನ್ನಾಗಿಯೇ ಕಳೆಯಿತು. ಬಿಸಿಲು ಇನ್ನೂ ಏರಿರಲಿಲ್ಲ. ಅಣ್ಣ ಸುಮ್ಮನೆ ಕೂತು ಹೋಗುವವನಲ್ಲ, ತುಳಿಯುತ್ತಲೇ ಇದ್ದ. ಮಾಚೇನಹಳ್ಳಿ ದಾಟಿ ಒಂದು ಕಡೆ ಎಳನೀರು ಕುಡಿದೆವು. ಎಳನೀರಿನವಳು ಟೈರನ್ನು ಬೆರಳಲ್ಲಿ ಒತ್ತಿ ನೋಡಿ, "ಗದ್ದೇಲೂ ಓಡುತ್ತಾ ಯಜಮಾನ್ರೇ?" ಎಂದಳು. "ಗದ್ದೆ ಇದ್ರೆ ಓಡಿಸ್ತಿದ್ದೆ, ಇಲ್ವಲ್ಲಮ್ಮ" ಎಂದ ಅಣ್ಣ. ಅವಳು ಕೆತ್ತುತ್ತಲೇ, "ನಮ್ದಿದೆ, ಬನ್ನಿ, ಎತ್ತು ಹೂಡೋದು ತಪ್ಪುತ್ತೆ" ಎಂದಳು. ಎಷ್ಟೋ ತಿಂಗಳ ಮೇಲೆ ಅಣ್ಣ ಬಾಯಿ ತೆರೆದು ನಕ್ಕದ್ದು ಕಂಡೆ.

ಆಮೇಲೆ ಒಂದು ಇಳಿಜಾರು. ಅಲ್ಲಿ ನನ್ನ ಮೀಟರಿನಲ್ಲಿ ಮೂವತ್ತು ಕಂಡಿತು. ಅಣ್ಣ ಇನ್ನೂ ನನ್ನ ಮುಂದೆಯೇ ಇದ್ದಾನೆ! ನನ್ನ ಮನಸ್ಸಿನ ಮುಳ್ಳು ಚುಚ್ಚಿತು. ಅಂಗಡಿಯವನು ಒಳಗೆ ಲಾಕು ತೆಗೆದೇಬಿಟ್ಟನೇ? ಇಳಿಜಾರಿಗೆ ಹಾಗಾಯಿತೇ? ಸಮತಟ್ಟಿಗೆ ಬಂದ ಮೇಲೆ ಗಮನಿಸಬೇಕೆಂದುಕೊಂಡೆ. ಅಷ್ಟರಲ್ಲಿ ಲಾರಿಗಳ ಸಾಲು ಬಂತು, ಮರೆತೆ.

ತುಂಗಾ ಸೇತುವೆಗೆ ಸ್ವಲ್ಪ ಮುಂಚೆ ಟ್ರಾಫಿಕ್ ಪೊಲೀಸರು ನಿಂತಿದ್ದರು. ಹೆಲ್ಮೆಟ್ ಇಲ್ಲದವರನ್ನು ಒಬ್ಬೊಬ್ಬರಾಗಿ ಬದಿಗೆ ಕರೆಯುತ್ತಿದ್ದರು. ನನಗೆ ಹೆಲ್ಮೆಟ್ ಇತ್ತು, ಲೈಸೆನ್ಸ್ ಇತ್ತು, ಎಲ್ಲವೂ ಇತ್ತು. ನನ್ನನ್ನು ಯಾರೂ ನೋಡಲಿಲ್ಲ. ಅಣ್ಣ ಅವರನ್ನು ದಾಟಿಯೇ ಹೋಗಿದ್ದ. ಸೈಕಲ್ಲೆಂದು ಅವರೂ ಬಿಟ್ಟಿದ್ದರು. ದಾಟಿದ ಮೇಲೆ ಒಬ್ಬ ಯುವ ಪೇದೆಗೆ ಹಿಂದಿನ ತಗಡು ಕಂಡಿತು. ಸೀಟಿ ಊದಿದ.

ನಾನು ಸ್ಕೂಟಿ ನಿಲ್ಲಿಸಿ ಓಡಿಹೋಗುವಷ್ಟರಲ್ಲಿ ಪೇದೆ ತಗಡಿನ ಮುಂದೆ ಬಗ್ಗಿದ್ದ. "ಹನ್ನೊಂದು ನಲವತ್ತೇಳು. ಕೆಎ ಎಲ್ಲಿ? ಹದಿನಾಲ್ಕು ಎಲ್ಲಿ? ಯಾವ ರಾಜ್ಯದ ನಂಬರ್ ಯಜಮಾನ್ರೇ ಇದು?"

"ಕಾರ್ಖಾನೆದು" ಎಂದ ಅಣ್ಣ.

"ಕಾರ್ಖಾನೆ ಯಾವಾಗ ರಾಜ್ಯ ಆಯ್ತು?"

ಸುತ್ತ ನಿಂತಿದ್ದ ಹೆಲ್ಮೆಟ್ ಇಲ್ಲದವರೆಲ್ಲ ತಮ್ಮ ಕಷ್ಟ ಮರೆತು ನಕ್ಕರು. ಅಣ್ಣ ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, "ನನ್ನ ಟೋಕನ್ ನಂಬರ್ ಸ್ವಾಮಿ. ಸ್ಟ್ಯಾಂಡಲ್ಲಿ ಗುರ್ತಿಗೆ" ಎಂದ.

ಪೇದೆ ಒರಟನಲ್ಲ. ಆದರೆ ಅವನ ಲೆಕ್ಕ ಸ್ಪಷ್ಟವಾಗಿತ್ತು. ಹ್ಯಾಂಡಲ್ಲಿನಲ್ಲಿ ಬೈಕಿನ ಹಾಗೆ ತಿರುಗಿಸುವ ಎಕ್ಸಲರೇಟರ್ ಇದೆ, ಬೈಕಿನಂಥ ಟೈರಿದೆ, ಹಿಂದೆ ನಂಬರಿದೆ. ನಂಬರಿದ್ದರೆ ಅದು ಗಾಡಿ. ಗಾಡಿಯಾದರೆ ಲೈಸೆನ್ಸು, ಇನ್ಶೂರೆನ್ಸು, ಹೆಲ್ಮೆಟ್ಟು. ನಂಬರು ಸುಳ್ಳಾದರೆ ಅದು ಬೇರೆಯೇ ಕೇಸು, ಗಾಡಿ ಸ್ಟೇಷನ್ನಿಗೆ ಹೋಗುತ್ತದೆ. ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡಿದ್ದ ಸಬ್ ಇನ್‌ಸ್ಪೆಕ್ಟರನ್ನು ಕರೆದ.

ಸಬ್ ಇನ್‌ಸ್ಪೆಕ್ಟರು ಐವತ್ತರ ಆಸುಪಾಸಿನವರು, ಸಮಾಧಾನಿ. ಮೊದಲು ಅಣ್ಣನ ಮುಖ ನೋಡಿ ತಮ್ಮ ಕುರ್ಚಿಯನ್ನೇ ಅವನ ಕಡೆ ತಳ್ಳಿದರು. "ಕೂತ್ಕೊಳಿ. ಬೆವರ್ತಿದ್ದೀರಿ." ಆಮೇಲೆ ನನ್ನನ್ನು ಕೇಳಿದರು, "ಏನಮ್ಮ ಇದು?"

ನಾನು ಸ್ಟೆಂಟಿನಿಂದ ಶುರುಮಾಡಿ, ಸಾಸಿವೆ ಡಬ್ಬಿಯನ್ನೂ ಬಿಡದೆ, ಅಂಗಡಿಯವನು ಕೊಟ್ಟ ಮಾತಿನವರೆಗೆ ಹೇಳಿದೆ. ಅವರು ಪೂರ್ತಿ ಕೇಳಿದರು. ಕೇಳಿ, "ನೀವು ಹೇಳೋದು ನಿಜ ಅಂದ್ರೆ ಇದು ಸೈಕಲ್ಲು, ನಾವು ಮುಟ್ಟಲ್ಲ. ಇಪ್ಪತ್ತೈದು ದಾಟ್ತು ಅಂದ್ರೆ ಇದು ಗಾಡಿ. ಆಮೇಲೆ ಇವ್ರು ಲೈಸೆನ್ಸ್ ಇಲ್ದೆ ಓಡಿಸಂಗಿಲ್ಲ. ಇವತ್ತಲ್ಲ, ಯಾವತ್ತೂ" ಎಂದರು.

ಕುರ್ಚಿಯಲ್ಲಿ ಕೂತ ಅಣ್ಣ ಆ ಮಾತಿಗೆ ತಲೆಯೆತ್ತಿದ. ಭದ್ರಾವತಿಯ ಜಗಲಿಯೂ ಅದರ ಮೇಲೆ ಮಡಿಸಿಟ್ಟ ದಿನಪತ್ರಿಕೆಯೂ ಅವನ ಮುಖದಲ್ಲಿ ಕಂಡವು.

"ಇವ್ರ ಹತ್ರ ಪೇಪರ್ ಏನಾದ್ರೂ ಇದೆಯಾ?" ಎಂದರು. ಪೇಪರು ಬೀರುವಿನಲ್ಲಿತ್ತು. ಅತ್ತಿಗೆಗೆ ಫೋನು ಮಾಡಿದೆ. ಫೋಟೋ ತೆಗೆದು ಕಳಿಸಿ ಎಂದೆ. ಒಂದು ಫೋಟೋ ಬಂತು: ಮಿಕ್ಸಿಯ ಗ್ಯಾರಂಟಿ ಕಾರ್ಡು. ಮತ್ತೆ ಫೋನು. ಮತ್ತೊಂದು ಫೋಟೋ: ಸೈಕಲ್ಲಿನದೇ, ಆದರೆ ವ್ಯಾಟು ಬರೆದ ಜಾಗದ ಮೇಲೆ ಅತ್ತಿಗೆಯ ಹೆಬ್ಬೆರಳು. ಪೇದೆ ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, "ಮೇಡಂ, ಬೆರಳಿನ ಗುರ್ತು ಸಿಕ್ತು, ವ್ಯಾಟ್ ಸಿಗ್ಲಿಲ್ಲ" ಎಂದ. ಫೋನಿನೊಳಗಿಂದ ಅತ್ತಿಗೆ, "ಏನಾಯ್ತೇ? ಇವ್ರಿಗೆ ಉಸಿರು ಸರಿ ಇದ್ಯಾ?" ಎಂದು ಕೂಗುತ್ತಲೇ ಇದ್ದರು. ಉಸಿರು ಸರಿ ಇದೆ ಅತ್ತಿಗೆ, ನಂಬರೇ ಸರಿ ಇಲ್ಲ ಎಂದು ಹೇಳಿ ಇಟ್ಟೆ.

ಮೋಟಾರಿನ ಮೇಲೆ ಇನ್ನೂರೈವತ್ತು ಎಂದು ಬರೆದಿದೆ ಎಂದು ನಾನು ನನ್ನ ಬಾಟಲಿಯ ನೀರು ಹಾಕಿ ಕೆಸರು ತೊಳೆದು ತೋರಿಸಿದೆ. ಬರೆದಿತ್ತು. ಸಬ್ ಇನ್‌ಸ್ಪೆಕ್ಟರು ಬಗ್ಗಿ ಓದಿ, "ಸ್ಟಿಕರ್ ಯಾರ್ ಬೇಕಾದ್ರೂ ಅಂಟಿಸ್ತಾರಮ್ಮ. ನೀವು ನಿಜ ಹೇಳ್ತಿರಬಹುದು, ಅಂಗಡಿಯವನು ಹೇಳಿದ್ದಾನಾ ಅನ್ನೋದು ಪ್ರಶ್ನೆ" ಎಂದರು. ನನ್ನ ಮನಸ್ಸಿನೊಳಗೆ ಕೈಹಾಕಿ ತೆಗೆದ ಹಾಗಿತ್ತು ಆ ಮಾತು. ಇಳಿಜಾರಿನ ಮೂವತ್ತು ನೆನಪಾಯಿತು.

"ನಿಮ್ ಸ್ಕೂಟಿ ಮೀಟರ್ ಸರಿ ಇದೆಯಾ?"

"ಇದೆ."

"ಹಂಗಾದ್ರೆ ಬನ್ನಿ. ನಾನು ಇದನ್ನ ಓಡಿಸ್ತೀನಿ, ನೀವು ಪಕ್ಕದಲ್ಲೇ ಬನ್ನಿ. ನಿಮ್ ಮೀಟರ್ ಏನು ಹೇಳುತ್ತೋ ಅದೇ ಸಾಕ್ಷಿ. ಏಯ್, ನೀನೂ ಬೈಕ್ ತಗೊಂಡ್ ಬಾ, ನಿಂದೂ ನೋಡ್ಕೊ" ಎಂದು ಪೇದೆಗೂ ಹೇಳಿದರು.

ಹೊಳೆಯ ಬದಿಯ ಒಂದು ಖಾಲಿ ರಸ್ತೆಗೆ ಹೋದೆವು. ಸಬ್ ಇನ್‌ಸ್ಪೆಕ್ಟರು ಟೋಪಿಯನ್ನು ಪೇದೆಯ ಕೈಗೆ ಕೊಟ್ಟು, ಪ್ಯಾಂಟಿನ ಕಾಲು ಮಡಚಿ, ಅಣ್ಣನ ಸೈಕಲ್ಲು ಹತ್ತಿದರು. ಮೊದಲು ಸ್ವಲ್ಪ ಓಲಾಡಿದರು. ಆಮೇಲೆ ಎಕ್ಸಲರೇಟರ್ ಪೂರ್ತಿ ತಿರುಗಿಸಿದರು. ಎಡಗಡೆ ಸಬ್ ಇನ್‌ಸ್ಪೆಕ್ಟರು, ನಡುವೆ ನಾನು, ಬಲಗಡೆ ಪೇದೆ. ಮೂರು ಗಾಡಿ ಸಾಲಾಗಿ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡಿದರು. ನಾನು ರಸ್ತೆ ನೋಡಲಿಲ್ಲ, ಮೀಟರಿನ ಮುಳ್ಳನ್ನೇ ನೋಡಿದೆ. ಹದಿನೈದು, ಇಪ್ಪತ್ತು, ಇಪ್ಪತ್ಮೂರು. ಇಪ್ಪತ್ತನಾಲ್ಕು. ಅಲ್ಲಿ ನಿಂತಿತು. ಅವರು ಬಗ್ಗಿದರು, ಹಿಡಿ ತಿರುಚಿದರು, ತಿರುಚಿದ್ದನ್ನೇ ಮತ್ತೆ ತಿರುಚಿದರು. ಇಪ್ಪತ್ತೈದಕ್ಕೆ ಮುಟ್ಟಿ ಅಲ್ಲೇ ಕೂತಿತು, ಗೂಟಕ್ಕೆ ಕಟ್ಟಿದ ಹಸು ಹಗ್ಗದ ತುದಿಗೆ ಬಂದು ನಿಂತ ಹಾಗೆ.

ರಸ್ತೆಯ ಕೊನೆಯಲ್ಲಿ ಹೊಳೆಯ ಕಡೆಗೆ ಸ್ವಲ್ಪ ಇಳಿಜಾರು. ಅಲ್ಲಿ ಇಪ್ಪತ್ತೆಂಟು ಕಂಡಿತು. ಪೇದೆ, "ಸಾರ್, ದಾಟ್ತು!" ಎಂದು ಕೂಗಿದ. ಸಬ್ ಇನ್‌ಸ್ಪೆಕ್ಟರು ಬ್ರೇಕು ಹಾಕಿ ಕಾಲೂರಿ ನಿಂತು ಅವನ ಕಡೆ ನೋಡಿದರು. "ಇಳಿಜಾರಲ್ಲಿ ಕಲ್ಲೂ ಓಡುತ್ತೆ ಕಣೋ. ಕಲ್ಲಿಗೆ ಲೈಸೆನ್ಸ್ ಕೇಳ್ತೀಯಾ?"

ವಾಪಸ್ಸು ಬರುವಾಗ ಆ ಮನುಷ್ಯ ಬೇಕೆಂದೇ ನಿಧಾನಿಸಿ, ತುಳಿದುಕೊಂಡು, ಬೆಲ್ಲು ಬಾರಿಸಿಕೊಂಡು ಬಂದರು. ಇಳಿಯಲು ಅವರಿಗೆ ಮನಸ್ಸಿರಲಿಲ್ಲ ಎಂದು ಈಗಲೂ ನನ್ನ ನಂಬಿಕೆ. ನೆರಳಲ್ಲಿ ಅಣ್ಣ ಎದ್ದು ನಿಂತಿದ್ದ. ನಮ್ಮ ಮುಖ ಓದಲು ನೋಡುತ್ತಿದ್ದ.

"ಸೈಕಲ್ಲೇ ಯಜಮಾನ್ರೇ" ಎಂದರು ಅವರು. "ಅಂಗಡಿಯವನು ಮಾತು ಉಳಿಸಿಕೊಂಡಿದ್ದಾನೆ."

ಅಣ್ಣ ಉಸಿರುಬಿಟ್ಟು ಕುರ್ಚಿಯ ಬೆನ್ನು ಹಿಡಿದುಕೊಂಡ.

"ಆದ್ರೆ ಈ ತಗಡು ಇರೋವರೆಗೆ ಸೈಕಲ್ ಅಲ್ಲ. ಇವತ್ತು ನಾನಿದ್ದೆ, ಕೇಳ್ದೆ. ನಾಳೆ ಇನ್ನೊಬ್ರು ಇರ್ತಾರೆ. ಇದನ್ನ ನೋಡಿದ ಪ್ರತಿಯೊಬ್ರೂ ನಿಲ್ಲಿಸ್ತಾರೆ. ಇಲ್ಲೇ ಬಿಚ್ಚಿಬಿಡಿ."

ನಾನು ಸ್ಕೂಟಿಯ ಡಿಕ್ಕಿಯಲ್ಲಿದ್ದ ಸ್ಪ್ಯಾನರಿಗೆ ಕೈಹಾಕಿದೆ. "ಬಿಡು, ನಾನೇ ಬಿಚ್ತೀನಿ" ಎಂದ ಅಣ್ಣ. ಬೆಳಿಗ್ಗೆ ಕೂತ ಹಾಗೇ ಕುಕ್ಕುರುಗಾಲಲ್ಲಿ ಕೂತ. ಎರಡೇ ನಟ್ಟು. ಅದಕ್ಕೆ ತುಂಬ ಹೊತ್ತು ಹಿಡಿಯಬಾರದಿತ್ತು, ಆದರೆ ಹಿಡಿಯಿತು. ನಟ್ಟುಗಳನ್ನು ಒಂದೊಂದಾಗಿ ಒರೆಸಿ ಜೇಬಿಗೆ ಹಾಕಿಕೊಂಡ. ತಗಡನ್ನು ಅಂಗೈಯಲ್ಲಿ ಒಂದು ಸಲ ಒರೆಸಿ ನನಗೆ ಕೊಟ್ಟ. ಪೇದೆ, ಅದೇ ಸೀಟಿ ಊದಿದವನು, ಮೆಲ್ಲಗೆ ಕೇಳಿದ, "ಎಷ್ಟ್ ವರ್ಷದ್ದು ಯಜಮಾನ್ರೇ?" ಅಣ್ಣ, "ನೀನು ಹುಟ್ಟೋಕೆ ಮುಂಚಿಂದು" ಎಂದ. ಕೋಪದಿಂದ ಅಲ್ಲ.

ಹೊರಡುವಾಗ ಸಬ್ ಇನ್‌ಸ್ಪೆಕ್ಟರು ಹೇಳಿದರು, "ಒಂದು ಹೆಲ್ಮೆಟ್ ಹಾಕ್ಕೊಳಿ. ನಿಮಗೆ ಕಾನೂನಿಲ್ಲ, ತಲೆ ಇದೆಯಲ್ಲ."

ತಗಡು ನನ್ನ ಡಿಕ್ಕಿಯಲ್ಲಿ ಕರಿಬೇವಿನ ಮೇಲೆ ಕೂತು ದುರ್ಗಿಗುಡಿಗೆ ಬಂತು. ಸೇತುವೆ ದಾಟುವಾಗ ನಾನು ಹಿಂದಿನಿಂದ ನೋಡಿದೆ. ಮಡ್‌ಗಾರ್ಡಿನ ಮೇಲೆ ತಗಡಿದ್ದ ಜಾಗದಲ್ಲಿ ಎರಡು ತೂತು ಮಾತ್ರ. ಅಣ್ಣ ಬೆನ್ನು ಬಗ್ಗಿಸಿಕೊಂಡು ತುಳಿಯುತ್ತಿದ್ದ. ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಯಾರೋ ಕಾಲೇಜು ಹುಡುಗರು "ಅಂಕಲ್, ಸೂಪರ್ ಗಾಡಿ!" ಎಂದು ಕೂಗಿದರು. ಅಣ್ಣ ತಿರುಗದೆಯೇ, "ಗಾಡಿ ಅಲ್ಲಪ್ಪ, ಸೈಕಲ್ಲು!" ಎಂದು ಕೂಗಿದ. ಆಮೇಲೆ ಬೆನ್ನು ಸ್ವಲ್ಪ ನೆಟ್ಟಗಾಯಿತು.

ಮನೆಯಲ್ಲಿ ನಮ್ಮನೆಯವರು ಬಾಗಿಲಲ್ಲೇ ಕಾಯುತ್ತಿದ್ದರು. ರೊಟ್ಟಿ ತಣ್ಣಗಾಗಿತ್ತು, ಕಾವಲಿಯ ಮೇಲೆ ಬಿಸಿ ಮಾಡಿಕೊಟ್ಟೆ. ಅಣ್ಣ ನಡೆದದ್ದನ್ನೆಲ್ಲ ಅವರಿಗೆ ಹೇಳಿದ. ಹೇಳುವಾಗ ಸಬ್ ಇನ್‌ಸ್ಪೆಕ್ಟರು ಓಲಾಡಿದ್ದನ್ನು ಎದ್ದುನಿಂತು ಮಾಡಿ ತೋರಿಸಿದ, ಅವನು ಅದನ್ನು ನೋಡಿರಲೇ ಇಲ್ಲ, ನಾನು ಹೇಳಿದ್ದು. ಊಟವಾದ ಮೇಲೆ ನಮ್ಮನೆಯವರ ಕುರ್ಚಿಯಲ್ಲೇ ನಿದ್ದೆ ಹೋದ. ಒಂದು ಸಲ ಫೋನಿನಲ್ಲಿ ಅತ್ತಿಗೆಗೆ ಅವನ ಗೊರಕೆಯನ್ನೇ ಕೇಳಿಸಿದೆ. ಅವರಿಗೆ ಸಮಾಧಾನವಾಯಿತು.

ಅವನು ಮಲಗಿದ್ದಾಗ ಡಿಕ್ಕಿಯಿಂದ ತಗಡು ತೆಗೆದೆ. ಎಲ್ಲಿಡುವುದು? ಬೀರುವಿನಲ್ಲಿಟ್ಟರೆ ಅದು ಮುಗಿದ ವಸ್ತುವಾಗುತ್ತದೆ. ಭದ್ರಾವತಿಗೆ ಕಳಿಸಿದರೆ ಇವನು ಮತ್ತೆ ಯಾವುದೋ ಬೆಳಿಗ್ಗೆ ಸ್ಪ್ಯಾನರು ಹಿಡಿದು ಕೂರುತ್ತಾನೆ. ನಮ್ಮ ಮನೆಯ ಗೇಟಿನಿಂದ ಬಾಗಿಲವರೆಗೆ ಒಂದು ಓಣಿ. ಒಂದು ಬದಿ ನನ್ನ ಹೂವಿನ ಕುಂಡಗಳು, ಇನ್ನೊಂದು ಬದಿ ಬರೀ ಗೋಡೆ. ಅಣ್ಣ ಸೈಕಲ್ಲನ್ನು ಆ ಗೋಡೆಗೆ ಒರಗಿಸಿದ್ದ. ಗೋಡೆಯಲ್ಲಿ ಹಿಂದೆಂದೋ ಬಟ್ಟೆ ಹಗ್ಗಕ್ಕೆ ಹೊಡೆದ ಮೊಳೆಯಿತ್ತು. ಸೈಕಲ್ಲಿನ ನೇರಕ್ಕೆ, ಮೇಲೆ. ತಗಡಿನ ತೂತು ಆ ಮೊಳೆಗೆ ಸರಿಯಾಗಿ ಕೂತಿತು.

ಅಣ್ಣ ಎದ್ದು, ಕಾಫಿ ಕುಡಿದು, ಹೊರಡಲು ಹೊರಗೆ ಬಂದವನು ಅಲ್ಲಿ ನಿಂತ. ನಾನು ಕುಂಡಕ್ಕೆ ನೀರು ಹಾಕುತ್ತಿದ್ದೆ.

"ಸ್ಟ್ಯಾಂಡ್ ಮಾಡಿಬಿಟ್ಯಾ?" ಎಂದ.

"ಊಂ. ನಿನ್ ಜಾಗ ಅದು. ವಾರಕ್ಕೊಂದು ಸಲ ತಂದು ನಿಲ್ಲಿಸ್ಬೇಕು. ಇಲ್ಲಾಂದ್ರೆ ಬೇರೆಯವ್ರಿಗೆ ಕೊಡ್ತೀನಿ."

ಅವನು ಜೇಬಿನಿಂದ ಆ ಎರಡು ನಟ್ಟು ತೆಗೆದು, ಅವುಗಳಿಗೂ ಒಂದು ಜಾಗವಿರಲಿ ಎಂದು ಕಿಟಕಿಯ ಕಟ್ಟೆಯ ಮೇಲಿಟ್ಟ. ಅವು ಈಗಲೂ ಅಲ್ಲೇ ಇವೆ, ಒರೆಸುವಾಗ ಎತ್ತಿ ಮತ್ತೆ ಇಡುತ್ತೇನೆ.

ಅಂದು ವಾಪಸ್ಸು ಹೋಗುವಾಗ ನಾನು ಹಿಂದೆ ಹೋಗಲಿಲ್ಲ. ಕತ್ತಲಾಗುವುದಕ್ಕೆ ಮುಂಚೆ ಮುಟ್ಟಿದೆ ಎಂದು ಫೋನು ಬಂತು. ಮರುವಾರ ಒಬ್ಬನೇ ಬಂದ, ತಲೆಯ ಮೇಲೆ ಕಾರ್ಖಾನೆಯ ಹಳದಿ ಹೆಲ್ಮೆಟ್ಟು! ಸೇತುವೆಯ ಹತ್ತಿರ ಅದೇ ಪೇದೆ ಇದ್ದನಂತೆ. ನೋಡಿ ಹಣೆ ಚಚ್ಚಿಕೊಂಡು, ಹೋಗಿ ಎಂದು ಕೈ ಬೀಸಿದನಂತೆ. ಸರಿಯಾದ ಹೆಲ್ಮೆಟ್ಟು ಕೊಡಿಸಿದ್ದು ಆಮೇಲೆ.

ಈಗ ಭಾನುವಾರವೆಂದರೆ ಅಣ್ಣನ ದಿನ. ಸಕ್ರೆಬೈಲಿಗೂ ಒಂದು ಸಲ ಹೋಗಬೇಕಂತೆ, ಬಿಡಾರದ ಆನೆಗಳ ಪಾದದ ಪಕ್ಕ ಟೈರಿಟ್ಟು ಫೋಟೋ ತೆಗೆದು, ಆನೆಕಾಲೆಂದು ಹೆಸರಿಟ್ಟ ಪಕ್ಕದ ಮನೆಯ ಯಜಮಾನರಿಗೆ ತೋರಿಸಬೇಕಂತೆ. ಚಾರ್ಜು ಸಾಲುವುದೋ ಇಲ್ಲವೋ ಎಂದು ನಮ್ಮನೆಯವರ ಜೊತೆ ಲೆಕ್ಕ ನಡೆದಿದೆ.

ಮೊನ್ನೆ ತರಕಾರಿ ಚೀಲ ಭಾರವಾಗಿತ್ತೆಂದು ಸ್ಕೂಟಿಯನ್ನು ಗೇಟಿನೊಳಗೆ ತಂದು ಆ ಗೋಡೆಗೇ ನಿಲ್ಲಿಸಿ ಒಳಗೆ ಹೋಗಿದ್ದೆ. ಸ್ವಲ್ಪ ಹೊತ್ತಿಗೆ ಹೊರಗಿನಿಂದ ಬೆಲ್ಲು, ಒಂದೇ ಸಮನೆ. ಬಂದು ನೋಡಿದರೆ ಅಣ್ಣ ಗೇಟಿನಾಚೆ ಸೈಕಲ್ಲಿನ ಮೇಲೆ ಕೂತೇ ಇದ್ದಾನೆ, ಒಂದು ಕಾಲು ನೆಲದ ಮೇಲೆ.

"ಏನೇ, ಓದೋಕೆ ಬರಲ್ವಾ ನಿಂಗೆ?" ಎಂದು ಗೋಡೆಯ ತಗಡಿನ ಕಡೆ ಗಲ್ಲ ಎತ್ತಿ ತೋರಿಸಿದ. "ತೆಗಿ, ತೆಗಿ. ಶಿಫ್ಟಿಗೆ ಹೊತ್ತಾಯ್ತು."

ನಾನು ಸ್ಕೂಟಿ ತೆಗೆದೆ.